ಬಸ್ಸಿನಲ್ಲಿ ಇದ್ದೂ ಇಲ್ಲದ ಹೊಂಬಾಳಮ್ಮ

ಹುಣಸೆಕೊಪ್ಪಲಿಗೆ ಬೆಳಗಿನ ಬಸ್ಸು ಆರು ನಲವತ್ತಕ್ಕೆ ಬರಬೇಕು. ಬರುವುದು ಆರು ಐವತ್ತಕ್ಕೋ ಏಳಕ್ಕೋ, ಅದು ಆ ಬಸ್ಸಿಗೇ ಗೊತ್ತು. ಬಂದಮೇಲಾದರೂ ಸುಖವಿದೆಯೇ? ಒಂದು ಕಾಲಿಗೆ ಜಾಗ ಸಿಕ್ಕರೆ ಇನ್ನೊಂದು ಕಾಲನ್ನು ಬೆಸಗರಹಳ್ಳಿ ದಾಟುವವರೆಗೆ ಎತ್ತಿಕೊಂಡೇ ಇರಬೇಕು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಕಾಲೇಜು ಹುಡುಗಿಯರ ಬ್ಯಾಗು, ಇವುಗಳ ನಡುವೆ ಐನೂರರ ನೋಟು ಹಿಡಿದು ಇಪ್ಪತ್ತು ರೂಪಾಯಿ ಟಿಕೆಟ್ ಕೇಳುವ ಮಹಾರಾಯರು. "ಚಿಲ್ಲರೆ ತರೋಕೇನು ರೋಗ?" ಎಂದು ಕಂಡಕ್ಟರು. "ಚಿಲ್ಲರೆ ಮಡಿಕೊಳ್ಳೋಕೆ ನಿಂಗೇನು ರೋಗ?" ಎಂದು ಇವರು. ದಿನ ಬೆಳಗಾದರೆ ಇದೇ ಸುಪ್ರಭಾತ.

ಈ ಬಸ್ಸಿನಲ್ಲೇ ಹೊಂಬಾಳಮ್ಮ ವಾರಕ್ಕೆರಡು ಸಲ ಗಂಡ ಲಿಂಗಯ್ಯನನ್ನು ಮದ್ದೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಲಿಂಗಯ್ಯನ ಎರಡು ಕಿಡ್ನಿಯೂ ಕೈಕೊಟ್ಟು ವರ್ಷವಾಯಿತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಎಂಟು ಗಂಟೆಗೆ ಅಲ್ಲಿರಬೇಕು, ತಪ್ಪಿದರೆ ಆ ಹಾಸಿಗೆ ಬೇರೆಯವರಿಗೆ. ಆಟೋದವನನ್ನು ಕೇಳಿದರೆ ಬಾಯಿ ತೆರೆದರೆ ನಾನೂರು. ಅಷ್ಟು ಕೊಟ್ಟು ವಾರಕ್ಕೆರಡು ಸಲ ಹೋಗಿಬರುವ ಮನೆಯಲ್ಲ ಅವರದು.

ಅವಳದೊಂದು ಪದ್ಧತಿಯಿತ್ತು. ಗಂಡನಿಗೆ ಸೀಟು ಹಿಡಿದು ಕೂರಿಸುವಳು, ಪಕ್ಕದಲ್ಲಿ ಕಂಬ ಹಿಡಿದು ನಿಲ್ಲುವಳು, ಇಪ್ಪತ್ತು ರೂಪಾಯಿ ಚಾಚಿ, "ಇವ್ರುದೊಂದು ಟಿಕೀಟು ಅರಿಯಪ್ಪ. ನಂದು ಬ್ಯಾಡ. ಎಂಗಸ್ರುಗೆ ಕಾಸಿಲ್ವಲ್ಲ, ಸುಮ್ನೆ ಕಾಗ್ದ ಯಾಕೆ ದಂಡ" ಎನ್ನುವಳು. ಹಿಂದೊಮ್ಮೆ ಆಧಾರ್ ಕಾರ್ಡ್ ಮರೆತು ಬಂದದ್ದಕ್ಕೆ ಯಾರೋ ಕಂಡಕ್ಟರು ಬಸ್ಸಿನ ತುಂಬ ಕೇಳುವಂತೆ ಗದರಿದ್ದರು. ಅಂದಿನಿಂದ ಕಾರ್ಡು ಟ್ರಂಕಿನ ತಳ ಸೇರಿತ್ತು. ಕೇಳದಿದ್ದರೆ ಗದರುವುದೂ ಇಲ್ಲ, ಕಂಡಕ್ಟರಿಗೂ ಕೆಲಸ ಉಳಿಯಿತು ಎಂದು ಅವಳ ಲೆಕ್ಕಾಚಾರ. ಆ ನೂಕುನುಗ್ಗಲಿನಲ್ಲಿ ಕಂಡಕ್ಟರೂ ಮುಂದಕ್ಕೆ ಹೋಗಿಬಿಡುತ್ತಿದ್ದ. ಊರಿನ ಉಳಿದ ಹೆಂಗಸರದೂ ಇದೇ ಜಾಡು. ಗಂಡಸರಲ್ಲೂ ಕೆಲವರು ಗುಂಪಿನಲ್ಲಿ ನುಸುಳಿ, ಬೆಸಗರಹಳ್ಳಿಯಲ್ಲಿ ಇಳಿದು, ಗೆದ್ದವರಂತೆ ಮೀಸೆ ತಿರುವುತ್ತಿದ್ದರು.

ಒಂದು ಮಂಗಳವಾರ ಕಂಡಕ್ಟರು ಮಹದೇವು ಹೇಳಿದ: "ಮುಂದಿನ ತಿಂಗಳಿಂದ ಈ ಗಾಡಿ ಇರಾಕಿಲ್ಲ ಕಣಮ್ಮ. ನಿಮ್ಮೂರಲ್ಲಿ ಬಸ್ಸು ಅತ್ತೋರೇ ಇಲ್ಲ ಅಂತ ಡಿಪೋದಲ್ಲಿ ಮಾತಾಯ್ತಾ ಅದೆ."

ಬಾಗಿಲಲ್ಲಿ ನೇತಾಡುತ್ತಿದ್ದವರು ಸೇರಿ ಇಡೀ ಬಸ್ಸು ನಕ್ಕಿತು. ಹೊಂಬಾಳಮ್ಮನಿಗೆ ಮಾತ್ರ ನಗು ಬರಲಿಲ್ಲ. ಊದಿದ ಕಾಲು ಚಾಚಿಕೊಂಡು ಕೂತಿದ್ದ ಗಂಡನ ಮುಖ ನೋಡಿದಳು.

ಆಸ್ಪತ್ರೆಯಲ್ಲಿ ಲಿಂಗಯ್ಯನಿಗೆ ಸೂಜಿ ಹಾಕಿದರೆ ಮತ್ತೆ ನಾಲ್ಕು ಗಂಟೆ. ಅಷ್ಟರಲ್ಲಿ ಸೊಪ್ಪು ಮಾರಲು ಬಂದಿದ್ದ ನೆರೆಮನೆಯ ಪಟ್ಟಲಮ್ಮನನ್ನು ಜೊತೆ ಮಾಡಿಕೊಂಡು, ಜಗಳಕ್ಕೆ ಸೆರಗು ಬಿಗಿದು ಡಿಪೋಗೆ ಹೋದಳು. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವಳು ಆಮ್ನಾ. ಬೆಸಗರಹಳ್ಳಿಯ ಮೋಟರ್ ಮೆಕ್ಯಾನಿಕ್ ಬಾಬು ಜಾನ್ ಮಗಳು. ಇವರ ಗದ್ದೆಯ ಪಂಪು ಕೆಟ್ಟಾಗಲೆಲ್ಲ ಅಪ್ಪನ ಸೈಕಲ್ ಹಿಂದೆ ಕೂತು ಬಂದು ಮಜ್ಜಿಗೆ ಕುಡಿದು ಹೋಗುತ್ತಿದ್ದ ಹುಡುಗಿ.

"ಏನ್ ದೊಡ್ಡವ್ವ, ಇಷ್ಟು ದೂರ?"

"ಅತ್ತೋರೇ ಇಲ್ಲ ಅಂದೋರು ಯಾರು ಮಗಾ? ಅವ್ರನ್ನ ಒಂದಿನ ನಮ್ ಬಸ್ಸಲ್ಲಿ ನಿಲ್ಸು. ಉಸ್ರು ಬುಡಾಕೆ ಜಾಗ ಸಿಕ್ರೆ ನನ್ನ ಕೇಳು."

ಆಮ್ನಾ ನಕ್ಕು ಸ್ಟೂಲು ಎಳೆದುಕೊಟ್ಟಳು. "ಜಗಳ ಆಮೇಲೆ ಆಡಿ. ಮೊದಲು ಇದನ್ನ ನೋಡಿ. ಕಂಡಕ್ಟರ್ ಕೈಯಲ್ಲಿ ಮೆಷಿನ್ನು ಇರ್ತದಲ್ಲ, ಅದು ಟಿಕೆಟ್ ಕೊಟ್ಟಾಗಲೆಲ್ಲ ಇಲ್ಲಿಗೆ ತಿಳಿಸ್ತದೆ. ಯಾವ ಸ್ಟಾಪು, ಎಷ್ಟು ಹೊತ್ತಿಗೆ, ಎಲ್ಲಿಗೆ, ಎಷ್ಟು ಜನ. ಇವತ್ತಿಂದು ನೋಡಿ, ಹುಣಸೆಕೊಪ್ಪಲು."

ಹೊಂಬಾಳಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ತಮ್ಮೂರಿನ ಹೆಸರು, ಅಷ್ಟು ದೂರದ ಡಿಪೋದ ಗಾಜಿನಲ್ಲಿ, ಮುತ್ತು ಪೋಣಿಸಿದ ಹಾಗೆ ಕೂತಿತ್ತು. ಅವಳಿಗೆ ಮೈ ಜುಮ್ಮೆಂದಿತು. "ಇವತ್ತಿಂದಾ? ನಾವು ಮದ್ದೂರು ಮುಟ್ಟಾಕೆ ಮುಂಚೆ ಇದು ಇಲ್ಲಿ ಮುಟ್ಟಿತ್ತಾ?"

"ಮುಟ್ಟಿತ್ತು. ಆರು ಐವತ್ತೆರಡು, ಗಂಡಸು, ಒಬ್ಬರು, ಮದ್ದೂರಿಗೆ."

ಹೊಂಬಾಳಮ್ಮ ಎಲೆಅಡಿಕೆ ಚೀಲ ತಡಕಿ ಗಂಡನ ಟಿಕೆಟ್ ತೆಗೆದಳು. ಆಮ್ನಾ ಬೆರಳಿಟ್ಟು ತೋರಿಸಿದಳು. ಆರು ಐವತ್ತೆರಡು. ಅದೇ.

"ಅಯ್ಯೋ ಶಿವನೇ, ನಮ್ಮೆಜಮಾನ್ರು," ಎಂದು ಹೊಂಬಾಳಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು, "ನಾನೆಲ್ಲವ್ನಿ ಮಗಾ?"

ಆಮ್ನಾ ಪಟ್ಟಿಯನ್ನು ಕೊನೆಯವರೆಗೆ ಇಳಿಸಿ ನೋಡಿದಳು. "ನೀವಿಲ್ಲ ದೊಡ್ಡವ್ವ. ನಿಮ್ಮೂರಲ್ಲಿ ಇವತ್ತು ಹತ್ತಿದ್ದು ಐದೇ ಜನ."

"ಐದಾ? ಮೂವತ್ತಕ್ಕೆ ಕಮ್ಮಿ ಇರ್ಲಿಲ್ಲ. ಅವ್ರನ್ನ ರಟ್ಟೆ ಇಡ್ಕೊಂಡು ಅತ್ತಿಸ್ದೋಳು ನಾನು. ಪಕ್ಕದಲ್ಲೇ ನಿಂತಿದ್ನಲ್ಲ."

"ನಿಂತಿದ್ದಿರಿ. ಆದ್ರೆ ಇದಕ್ಕೆ ಹೆಂಗೆ ಗೊತ್ತಾಗಬೇಕು? ಇದರ ಲೆಕ್ಕದಲ್ಲಿ ಲಿಂಗಯ್ಯಪ್ಪ ಒಬ್ಬರೇ ಹೋಗವ್ರೆ."

ಹೊಂಬಾಳಮ್ಮನ ಕಣ್ಣು ತುಂಬಿತು. ವರ್ಷವಿಡೀ ಒಂದು ದಿನವೂ ತಪ್ಪದೆ ಆ ಮನುಷ್ಯನ ಪಕ್ಕ ನಿಂತಿದ್ದಾಳೆ. ಅವನು ವಾಂತಿ ಮಾಡಿಕೊಂಡಾಗ ಸೆರಗು ಒಡ್ಡಿದ್ದಾಳೆ. ಇಲ್ಲಿ ನೋಡಿದರೆ ಅವಳು ಹುಟ್ಟೇ ಇಲ್ಲ.

ಪಟ್ಟಲಮ್ಮ ಸುಮ್ಮನಿರುವ ಹೆಂಗಸಲ್ಲ. "ಕಾಸಿಲ್ದ ಟಿಕೀಟು ಇಸ್ಕೊಂಡ್ರೇನು ಬುಟ್ರೇನು? ನಮ್ಮಿಂದ ಅವ್ರಿಗೆ ಏನ್ ಬತ್ತದೆ?"

"ಅಲ್ಲೇ ನೀವು ತಪ್ಪು ತಿಳ್ಕೊಂಡಿರೋದು ಅತ್ತೆ. ನಿಮ್ಮ ಟಿಕೆಟ್ಟಲ್ಲಿ ಸೊನ್ನೆ ಅಂತ ಇದ್ರೂ ಆ ದುಡ್ಡನ್ನ ಸರ್ಕಾರ ಕೊಡಬೇಕು. ಟಿಕೆಟ್ಟೇ ಹರೀದಿದ್ರೆ ಯಾವ ಲೆಕ್ಕದ ಮೇಲೆ ಕೊಡ್ತಾರೆ? ಬಸ್ಸು ಓಡಿಸಬೇಕಾ ನಿಲ್ಲಿಸಬೇಕಾ ಅಂತ ನೋಡುವಾಗಲೂ ಇದನ್ನೇ ನೋಡೋದು. ನಿಮ್ಮೂರ ಬಸ್ಸಿಗೆ ನೀವೇ ಕಲ್ಲು ಹಾಕ್ತಾ ಇದ್ದೀರಿ."

"ಕಾರ್ಡು ಮರ್ತು ಮತ್ತೆ ಬೈಸ್ಕೊಬೇಕಾ?" ಎಂದಳು ಹೊಂಬಾಳಮ್ಮ.

"ಕಾರ್ಡು ಇದ್ರೆ ಯಾರೂ ಬೈಯಲ್ಲ. ಜೆರಾಕ್ಸ್ ಬೇಡ, ಅಸಲು ಇರಲಿ. ಆಧಾರ್ ಇಲ್ದಿದ್ರೆ ಓಟರ್ ಕಾರ್ಡು. ಬೈದ್ರೆ ಬಸ್ಸಿನ ನಂಬರು, ಟೈಮು ಬರೆದು ಡಿಪೋಗೆ ಕೊಡಿ. ಗಂಡಸ್ರಿಗೆ ಚಿಲ್ಲರೆ ಇಲ್ಲ ಅಂದ್ರೆ ಫೋನಲ್ಲಿ ಸ್ಕ್ಯಾನ್ ಮಾಡಿ ಕೊಡೋಕೆ ಬತ್ತದೆ, ಕಂಡಕ್ಟರನ್ನ ಕೇಳ್ಲಿ. ಬಾಕಿನ ಟಿಕೆಟ್ ಹಿಂದೆ ಬರೆದುಕೊಟ್ರೆ ಇಳಿಯೋ ಮುಂಚೆ ಕೇಳಿ ಇಸ್ಕೊಳ್ಳಿ."

ಆಮ್ನಾ ಅವರನ್ನು ಮ್ಯಾನೇಜರ್ ಬಳಿಗೂ ಕರೆದೊಯ್ದಳು. ಅವರು ಕನ್ನಡಕ ತೆಗೆದು ಹೇಳಿದ್ದು ಇಷ್ಟೇ: "ಬಾಯಿಮಾತು ನನಗೆ ಬೇಡಮ್ಮ. ತಿಂಗಳ ಕೊನೆವರೆಗೆ ಮೆಷಿನ್ ಏನು ಹೇಳುತ್ತೋ ನೋಡ್ತೀನಿ." ತಿಂಗಳಲ್ಲಿ ಉಳಿದದ್ದು ಹದಿನಾರು ದಿನ.

ಆ ಸಂಜೆ ಮಹಿಳಾ ಸಂಘದಲ್ಲಿ ಹೊಂಬಾಳಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಕೆಲವರು ಹೌದೆಂದರು. ಮಂಚಮ್ಮ ಮಾತ್ರ, "ಬಿಟ್ಟಿ ಟಿಕೀಟಿಗೆ ಕೈ ಒಡ್ಡಾಕೆ ನಂಗೆ ನಾಚ್ಕೆ ಆಯ್ತದೆ ಕಣಮ್ಮ" ಎಂದಳು.

"ಬಸ್ಸು ಅತ್ತಾಕೆ ಇಲ್ದ ನಾಚ್ಕೆ ಟಿಕೀಟು ಇಸ್ಕೊಳ್ಳಾಕೆ ಎಲ್ಲಿಂದ ಬಂತು?" ಎಂದಳು ಹೊಂಬಾಳಮ್ಮ. ಮಂಚಮ್ಮ ಎದ್ದು ಮನೆಗೆ ಹೋದಳು. ಕೋಪ ಬಂತೆಂದು ಎಲ್ಲರೂ ತಿಳಿದರೆ, ಮರುದಿನ ಬೆಳಗ್ಗೆ ಸಾಲಿನಲ್ಲಿ ಮೊದಲು ಅವಳೇ ಕಾರ್ಡು ಹಿಡಿದು ನಿಂತಿದ್ದಳು. ನುಸುಳುತ್ತಿದ್ದ ಗಂಡಸರನ್ನು ಅವರವರ ಮನೆಯ ಹೆಂಗಸರೇ ವಿಚಾರಿಸಿಕೊಂಡರು. ಅದನ್ನು ಇಲ್ಲಿ ಬರೆಯುವುದು ಬೇಡ.

"ನಂಗೊಂದು ಟಿಕೀಟು", "ನಂಗೂ ಕೊಡಪ್ಪ" ಎಂಬ ಕೂಗಿಗೆ ಮಹದೇವು ಮೊದಲ ದಿನ ಗಾಬರಿಯಾದ. ಹತ್ತನೆಯ ದಿನ ಬೆಸಗರಹಳ್ಳಿ ಮುಟ್ಟುವಷ್ಟರಲ್ಲಿ ಮೆಷಿನ್ನಿನ ಪೇಪರ್ ರೋಲೇ ಮುಗಿದುಹೋಯಿತು. "ನನ್ನ ಸರ್ವೀಸಲ್ಲೇ ಇಂಗಾಗಿರ್ಲಿಲ್ಲ" ಎನ್ನುತ್ತ ಬಸ್ಸು ನಿಲ್ಲಿಸಿ ಹೊಸ ರೋಲು ಹಾಕಿದ.

ಹೊಸ ತಿಂಗಳ ಮೊದಲ ದಿನ ಶುಕ್ರವಾರವೇ ಬಂತು. ಆರು ನಲವತ್ತಾಯಿತು, ಬಸ್ಸಿಲ್ಲ. ಏಳಾಯಿತು. ಲಿಂಗಯ್ಯ ಮೋರಿ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಪಟ್ಟಲಮ್ಮ ಮೆಲ್ಲಗೆ, "ಬರಾಕಿಲ್ಲ ಅನ್ಸುತ್ತೆ ಕಣಕ್ಕ" ಎಂದಳು. ಹೊಂಬಾಳಮ್ಮ ಕಬ್ಬಿನ ಗದ್ದೆಯ ತಿರುವನ್ನೇ ನೋಡುತ್ತ ನಿಂತಳು.

ಏಳು ಗಂಟೆ ಐದು ನಿಮಿಷಕ್ಕೆ ಹಾರನ್ ಕೇಳಿತು.

ಅಷ್ಟು ದೊಡ್ಡ ಬಸ್ಸು ಧೂಳೆಬ್ಬಿಸಿಕೊಂಡು ತಮ್ಮ ಪುಟ್ಟ ಊರಿಗೆ ಬಂದು, ತಮ್ಮ ಮುಂದೆಯೇ ನಿಂತಿತು. ದಿನಾ ನೋಡಿದ ಬಸ್ಸೇ. ಆದರೂ ಹೊಂಬಾಳಮ್ಮ ಹತ್ತುವುದನ್ನೂ ಮರೆತು ಬೆರಗಾಗಿ ನೋಡಿದಳು. ಬೆರಳುದ್ದದ ಕಾಗದಗಳು ಸೇರಿ ಇದನ್ನು ಎಳೆದು ತಂದುವಲ್ಲ ಎಂದುಕೊಂಡಳು. "ಅತ್ತಮ್ಮ, ಒತ್ತಾಯ್ತು" ಎಂದ ಮಹದೇವು. ಅವಳು ಗಂಡನ ರಟ್ಟೆ ಹಿಡಿದು ಹತ್ತಿಸಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಸ್ಸು ತಡವಾದರೆ ಬೈಯಿರಿ, ಬರೆದು ದೂರು ಕೊಡಿ, ಅದು ನಿಮ್ಮ ಹಕ್ಕು. ಆದರೆ ಟಿಕೆಟ್ ಇಲ್ಲದೆ ಇಳಿಯಬೇಡಿ. ಒಂದೇ ಸ್ಟಾಪಾಗಲಿ, ಕಾಸಿಲ್ಲದ್ದೇ ಆಗಲಿ, ಕೇಳಿ ತೆಗೆದುಕೊಳ್ಳಿ. ನಿಮ್ಮೂರಿನಲ್ಲೂ ಬೆಳಗಿನ ಬಸ್ಸನ್ನೇ ನಂಬಿ ಆಸ್ಪತ್ರೆಗೆ ಹೋಗುವವರು ಯಾರೋ ಇದ್ದಾರೆ. ನಾಳೆ ನೀವು ತೆಗೆದುಕೊಳ್ಳುವ ಟಿಕೆಟ್ಟು ಅವರ ಬಸ್ಸನ್ನು ಉಳಿಸುತ್ತದೆ.