ಕರಿಕೋಟೆ ಯಾವ ದಡದಲ್ಲಿದೆ

ಏಳ್ಮಡುವಿನ ನಕ್ಷೆಯನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಬರೆಯಬೇಕು ಎಂದು ನಂದಿತಾ ಮೂರು ವರ್ಷದಿಂದ ರಾಣಿಯನ್ನು ಕೇಳುತ್ತಿದ್ದಳು. ನಕ್ಷೆ ಮಾತ್ರ ಬರೆದಿರಲಿಲ್ಲ.

ಏಳ್ಮಡು ಎಲ್ಲೂ ಇಲ್ಲ. ನಂಜನಗೂಡಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ ಇಬ್ಬರೂ ಸೇರಿ ಕಟ್ಟಿದ ದೇಶ ಅದು. ಏಳು ಮಡುಗಳ ಒಂದು ಹೊಳೆ, ಆಚೆ ದಡದಲ್ಲಿ ಕರಿಕೋಟೆ, ಈಚೆ ದಡದಲ್ಲಿ ಆ ಕೋಟೆಗೆ ಹೋಗಲಾರದ ಒಬ್ಬ ಹುಡುಗಿ. ಕಥೆ ರಾಣಿಯದು, ಊರು ಬೆಟ್ಟಗಳು ನಂದಿತಾಳವು. ಊಟದ ಕೋಣೆಯ ಗದ್ದಲದಲ್ಲಿ ನಂದಿತಾ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಿಂದ ಬೆಟ್ಟ ಹಾಕುತ್ತಿದ್ದರೆ, ರಾಣಿ ತನ್ನ ತಟ್ಟೆಯನ್ನು ದೂರ ಸರಿಸಿ, "ಇಲ್ಲೊಂದು ಕಾಡು ಬೇಕು ಕಣೇ" ಎನ್ನುತ್ತಿದ್ದಳು. ಬೇಕೆಂದರೆ ಕಾಡು ಬರುತ್ತಿತ್ತು.

ಈಗ ರಾಣಿ ಸೋಸಲೆಯಿಂದ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ನಂದಿತಾ ಹೆಡತಲೆಯಿಂದ ನಂಜನಗೂಡಿಗೆ ಬಂದು ರುದ್ರೇಶನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಾಳೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ.

ತಿಂಗಳಿಗೊಮ್ಮೆ ಅವಳು ರಾಣಿಗೆ ಫೋನ್ ಮಾಡುತ್ತಿದ್ದಳು. "ಕ್ರಿಟಾದಲ್ಲಿ ಪೇಂಟ್ ಮಾಡ್ಲೇನೇ? ಪೆನ್ಸಿಲ್ ಥರಾನೇ ಬರ್ತದೆ. ಆದ್ರೆ ಅದೆಲ್ಲ ಬರೀ ಚುಕ್ಕಿ. ದೊಡ್ಡದು ಮಾಡಿದ್ರೆ ಒಡೆದುಹೋಗ್ತದೆ." ಮುಂದಿನ ತಿಂಗಳು: "ಕೋರಲ್‌ನಲ್ಲಿ ಮಾಡಿದ್ರೆ ಗೆರೆ ಗೋಡೆಯಷ್ಟು ದೊಡ್ಡದಾದ್ರೂ ಒಡೆಯಲ್ಲ. ಆದ್ರೆ ಬೆಟ್ಟ ಎಲ್ಲ ಸಿಮೆಂಟ್ ಕಂಪನಿ ಲೋಗೋ ಥರ ಕಾಣ್ತದೆ." ರಾಣಿಯ ಉತ್ತರ ಯಾವಾಗಲೂ ಒಂದೇ: "ನಂಗೇನ್ ಗೊತ್ತು, ಯಾವ್ದಾದ್ರೂ ಸೈ."

ಸಾಫ್ಟ್‌ವೇರಿನ ಮಾತು ಐದು ನಿಮಿಷ. ಆಮೇಲೆ ಅರ್ಧ ಗಂಟೆ ಬೇರೆ ಮಾತು. ಆ ಅರ್ಧ ಗಂಟೆಗೆ ನಂದಿತಾಳ ಹತ್ತಿರ ಬೇರೆ ನೆಪ ಇರಲಿಲ್ಲ. ಎರಡನೇ ವರ್ಷ ಅರ್ಧ ಗಂಟೆ ಹತ್ತು ನಿಮಿಷವಾಯಿತು. ಮೂರನೇ ವರ್ಷ ರಾಣಿ "ಬೆಲ್ ಆಯ್ತು, ಇಡ್ಲಾ?" ಎನ್ನುವುದು ಹೆಚ್ಚಾಯಿತು.

ಒಂದು ಶುಕ್ರವಾರ ರಾಣಿಯೇ ಫೋನ್ ಮಾಡಿದಳು. ಏಳ್ಮಡುವಿನ ಕಥೆ ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಸ್ತಕವಾಗುತ್ತಿತ್ತು. "ನಾಳೆ ಬಂದೋಗು, ನಕ್ಷೆ ತೋರುಸ್ತೀನಿ" ಎಂದಳು. ನಂದಿತಾ ಅರ್ಧ ದಿನ ರಜೆ ಹಾಕಿ ತಿ. ನರಸೀಪುರದ ಬಸ್ ಹತ್ತಿದಳು. ತೋರಿಸುವುದಕ್ಕೆ ರಾಣಿಯ ಬಳಿ ಯಾವ ನಕ್ಷೆ ಇದೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಬರುವ ಮೊದಲೇ ರಾಣಿ ಮೊಬೈಲ್ ಮುಂದಿಟ್ಟಳು. ಸಮುದ್ರ, ಬೆಟ್ಟಸಾಲು, ಮುನ್ನೂರು ಊರು. ಎಲ್ಲಕ್ಕೂ ಹೆಸರು.

"ನಮ್ಮ ಕಂಪ್ಯೂಟರ್ ಮೇಷ್ಟ್ರು ಜಗನ್ ಸರ್ ಮಾಡ್ಕೊಟ್ರು. ಒಂದು ವೆಬ್‌ಸೈಟ್ ಅದೆ. ಬಟನ್ ಒತ್ತಿದ್ರೆ ದೇಶ ಬತ್ತದೆ. ಬ್ಯಾಡಾಂದ್ರೆ ಇನ್ನೊಂದ್ಸಲ ಒತ್ತು, ಇನ್ನೊಂದು ಬತ್ತದೆ."

"ಮಡು ಎಷ್ಟವೆ ಇದ್ರಲ್ಲಿ?"

"ಎಣಿಸಿಲ್ಲ."

"ಹೊಳೆ ಬೆಟ್ಟ ಹತ್ಕೊಂಡು ಹೋಗ್ತಾ ಅದಲ್ಲೇ."

"ಮೋಟ್ರು ಹಾಕವ್ರೆ ಅನ್ಕೋ."

ನಂದಿತಾ ನಗಲಿಲ್ಲ. ರಾಣಿ ಲೋಟ ಕೆಳಗಿಟ್ಟಳು. "ಮಕ ಊದುಸ್ಕೋಬ್ಯಾಡ. ಮೂರ್ ವರ್ಷ ಅದಾ ಇದಾ ಅಂತ ಕೇಳ್ದೆ. ಬರ್ದೆಯಾ? ಯೋಳು, ಒಂದ್ ಗೆರೆ ಎಳ್ದಿದ್ದೀಯಾ?"

ಬರೆದು ಮುಗಿಸಿದರೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ನಂದಿತಾ ಹೇಳಲಿಲ್ಲ. "ಸೋಮವಾರ ಸಂಜೆ ತನಕ ಟೈಮ್ ಕೊಡು" ಎಂದಳು.

"ಕೊಟ್ಟೆ. ಪ್ರೆಸ್ಸಿನವ್ರು ಕಪ್ಪು ಗೆರೆ ಅಷ್ಟೇ ಅಂದವ್ರೆ. ಬಣ್ಣ ಇಲ್ಲ, ಬೂದು ಛಾಯೆನೂ ಬ್ಯಾಡ. ಅವ್ರ ನಂಬರೂ ಅಳತೆನೂ ಕಳುಸ್ತೀನಿ."

ಛಾಯೆ ಇಲ್ಲದಿದ್ದರೆ ಪೇಂಟ್ ಮಾಡುವ ಮಾತೇ ಇಲ್ಲ, ಉಳಿದದ್ದು ಕೋರಲ್ ಒಂದೇ. ಮೂರು ವರ್ಷದ ಪ್ರಶ್ನೆಗೆ ಪ್ರೆಸ್ಸಿನವನು ಒಂದು ವಾಕ್ಯದಲ್ಲಿ ಉತ್ತರ ಕೊಟ್ಟಿದ್ದ.

ಸೋಮವಾರ ಅವಳು ಅಂಗಡಿಯ ಕೆಲಸ ಬೇಗ ಮುಗಿಸಿ ಕೋರಲ್ ತೆರೆದಳು. ಹಾಸ್ಟೆಲಿನ ಕಾಲದ ಆ ಕ್ಯಾಲೆಂಡರ್ ಹಾಳೆಯ ಫೋಟೊವನ್ನು ಕೆಳಗಿಟ್ಟು, ಅದರ ಮೇಲೆ ಬಿಂದು ಬಿಂದು ಒತ್ತಿ ಗೆರೆ ಎಳೆಯುತ್ತಾ ಹೋದಳು. ರುದ್ರೇಶ ಹಿಂದೆ ಬಂದು ನಿಂತ.

"ಯಾವ ಲೇಔಟವ್ವ ಇದು? ಸೈಟ್ ಮಾರ್ತಾವ್ರಾ?"

"ಇಲ್ದೇ ಇರೋ ಊರು ಅಣ್ಣ."

"ಅಂಗಿದ್ರೆ ಇನ್ನೂ ಬೇಗ ಮಾರೋಯ್ತವೆ ಬುಡು."

ಕಾಗದದ ಮೇಲೆ ಒಂದು ಕಡೆ ಮಸುಕಾಗಿತ್ತು. ರಾಣಿಯ ಮೊಣಕೈ ತಾಗಿ ಒರೆಸಿಹೋಗಿದ್ದೋ, ಅವಳು ಕೇಳಿದ ಕಾಡೋ ತಿಳಿಯಲಿಲ್ಲ. ಪೆನ್ಸಿಲಿನಲ್ಲಿ ಎರಡೂ ಆಗಿರಬಹುದಿತ್ತು. ಕೋರಲ್‌ನಲ್ಲಿ ಗೆರೆ ಇರಬೇಕು, ಇಲ್ಲವೇ ಇರಬಾರದು. ಕಾಡು ಎಂದು ತೀರ್ಮಾನಿಸಿ ನಲವತ್ತು ಮರ ಹಾಕಿದಳು. ಮಧ್ಯಾಹ್ನ ಮೂರೂವರೆಗೆ ಎಲ್ಲ ಮುಗಿಯಿತು. ಮೂರು ಗಂಟೆಯ ಕೆಲಸ.

ಫ್ಲೆಕ್ಸ್ ಅಂಗಡಿಯಲ್ಲಿ ಒಂದು ರೂಢಿಯಿದೆ. ಗಿರಾಕಿಗಳು ಪ್ರೂಫ್ ನೋಡದೆಯೇ ಓಕೆ ಎನ್ನುತ್ತಾರೆ, ಪ್ರಿಂಟಾದ ಮೇಲೆ ಜಗಳಕ್ಕೆ ಬರುತ್ತಾರೆ. ಅದಕ್ಕೇ ರುದ್ರೇಶ ಪ್ರೂಫಿನಲ್ಲಿ ಬೇಕೆಂದೇ ಒಂದು ಎದ್ದು ಕಾಣುವ ತಪ್ಪು ಇಡಿಸುತ್ತಾನೆ. ಮಾವನ ಹೆಸರಿನ ಮೇಲೆ ಅಳಿಯನ ಫೋಟೊ. ಬೈದು ಫೋನ್ ಮಾಡಿದರೆ ನೋಡಿದ್ದಾರೆ ಎಂದು ಅರ್ಥ. ನಂದಿತಾ ಕರಿಕೋಟೆಯನ್ನು ಎಳೆದು ಹೊಳೆಯ ಈಚೆ ದಡದಲ್ಲಿಟ್ಟಳು. ಇಡೀ ಕಥೆ ಕೋಟೆ ಆಚೆ ಇರುವುದರ ಮೇಲೆಯೇ ನಿಂತಿದೆ. ರಾಣಿ ಬೈಯಲಿ, ಬೈಯುತ್ತಾ ಅರ್ಧ ಗಂಟೆ ಮಾತಾಡಲಿ ಎಂದುಕೊಂಡು ವಾಟ್ಸ್ಯಾಪಿನಲ್ಲಿ ಕಳಿಸಿದಳು.

ಐದು ನಿಮಿಷಕ್ಕೆ ಉತ್ತರ ಬಂತು. "ಸೂಪರ್ ಕಣೇ. ಪ್ರೆಸ್ಸಿಗೆ ಕಳಿಸ್ದೆ. ಥ್ಯಾಂಕ್ಸ್."

ನಂದಿತಾ ಐದೂವರೆವರೆಗೆ ಕಾದಳು. ಆಮೇಲೆ ತಾನೇ ಫೋನ್ ಮಾಡಿದಳು.

"ಸರಿಯಾಗಿ ನೋಡಿದ್ಯೇನೇ?"

"ನೋಡ್ದೆ, ಚೆನ್ನಾಗದೆ. ಪೇಪರ್ ತಿದ್ತಾ ಇವ್ನಿ ಕಣೇ, ನೂರಿಪ್ಪತ್ತವೆ."

"ಕರಿಕೋಟೆ ಈಚೆ ದಡದಲ್ಲಿ ಅದೆ."

ಆ ಕಡೆ ಹಾಳೆ ಮಗುಚುವ ಸದ್ದು ನಿಂತಿತು. "ಅಯ್ಯೋ. ಓಗ್ಲಿ ಬುಡು, ಯಾರ್ ನೋಡ್ತಾರೆ?"

"ಈಚೆ ಇದ್ರೆ ಅವ್ಳು ನಡ್ಕೊಂಡೇ ಹೋಗ್ಬೋದಲ್ಲೇ."

"ಓಗ್ಲಿ ಪಾಪ. ಎಷ್ಟ್ ವರ್ಷ ಅಂತ ಅಲ್ಲೇ ನಿಂತಿರ್ತಾಳೆ?" ರಾಣಿ ನಕ್ಕಳು. ಹಾಸ್ಟೆಲಿನಲ್ಲಾಗಿದ್ದರೆ ಆ ಮಾತಿನ ಮೇಲೆ ಇಬ್ಬರೂ ಇನ್ನೊಂದು ಅಧ್ಯಾಯ ಕಟ್ಟುತ್ತಿದ್ದರು. ನಂದಿತಾ ಕಾದಳು. ಹಾಳೆಯ ಸದ್ದು ಮತ್ತೆ ಶುರುವಾಯಿತು. "ಇಡ್ಲಾ?" ಎಂದಳು ರಾಣಿ.

ನಂದಿತಾ ಕೋಟೆಯನ್ನು ಆಚೆ ದಡಕ್ಕೆ ಹಾಕಿ, ಹೊಸ ಫೈಲನ್ನು ನೇರವಾಗಿ ಪ್ರೆಸ್ಸಿಗೆ ಕಳಿಸಿ, ಅಲ್ಲಿಗೆ ಫೋನ್ ಮಾಡಿದಳು. ಎತ್ತಿದವನು ತನ್ನ ಹೆಸರು ಮಹೇಂದ್ರ, ಪುಟ ಕಟ್ಟುವವನು ಎಂದ.

"ನೀವು ಲೇಖಕರಾ?"

"ಅಲ್ಲ. ನಕ್ಷೆ ಮಾಡಿದೋಳು."

"ಅವ್ರು ಆಗ್ಲೇ ಓಕೆ ಅಂದ್ರಲ್ಲ ಮೇಡಂ."

"ಅವ್ರು ನೋಡಿಲ್ಲ. ಈಗ ಕಳಿಸಿರೋದನ್ನ ಹಾಕಿ."

ಮೌಸ್ ಒತ್ತುವ ಸದ್ದು ಕೇಳಿಸಿತು. "ಎರಡೂ ಒಂದೇ ಥರ ಅವೆ... ಓ, ಕೋಟೆ ಆಚೆ ಹೋಗಿದೆ. ಸೇತುವೆ ಮರ್ತಿದ್ದೀರಾ?"

"ಸೇತುವೆ ಇಲ್ಲ."

"ಮತ್ತೆ ಆ ಕಡೆ ಹೆಂಗ್ ಹೋಗ್ತಾರೆ?"

ನಂದಿತಾ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹೇಳತೊಡಗಿದಳು. ಮೊದಲನೇ ಮಡು, ಎರಡನೇ ಮಡು. ಮೂರನೆಯದಕ್ಕೆ ಬರುವಷ್ಟರಲ್ಲಿ ಮಹೇಂದ್ರ, "ಮೇಡಂ, ಪುಸ್ತಕ ಬಂದ್ಮೇಲೆ ಓದ್ಕೋತೀನಿ, ಇವತ್ತೇ ಮಷೀನಿಗೆ ಕೊಡ್ಬೇಕು" ಎಂದು ಫೋನಿಟ್ಟ.