ಮಗಳ ಸಾಲಿನಲ್ಲಿ ಉದುರಿದ ಹೂವು

ಕುಷ್ಟಗಿ ತಾಲ್ಲೂಕಿನ ಕೆಂಪು ನೆಲದಲ್ಲಿ ಹಂಪಣ್ಣನದು ಟೊಮೆಟೊ ಬೀಜದ ಪ್ಲಾಟು. ಸುತ್ತಲೂ ಮೇಲೂ ಬಿಳಿಯ ನೆಟ್ ಕಟ್ಟಿದ ಆ ಪ್ಲಾಟಿನಲ್ಲಿ ಯಾರಿಗೂ ಅರ್ಥವಾಗದ ಸಂಗತಿಯೊಂದು ನಡೆದಿತ್ತು. ಕೂಲಿಗೆ ಬಂದ ಹೆಣ್ಣುಮಕ್ಕಳು ಕ್ರಾಸಿಂಗ್ ಮಾಡಿದ ಹೂವು ಕಾಯಿ ಕಚ್ಚುತ್ತಿದ್ದವು. ಹೆಂಡತಿ ಕಳಕಮ್ಮ ಮಾಡಿದವೂ ಕಚ್ಚುತ್ತಿದ್ದವು. ಮಗಳು ಸುನಿತಾ ಮಾಡಿದ ಸಾಲುಗಳಲ್ಲಿ ಮಾತ್ರ ಹೂವು ಉದುರುತ್ತಿದ್ದವು.

ಕ್ರಾಸಿಂಗ್ ಸೂಕ್ಷ್ಮದ ಕೆಲಸ. ಸಂಜೆ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ತೆಗೆಯಬೇಕು. ಮರುದಿನ ಬೆಳಿಗ್ಗೆ ನಡುವೆ ಉಳಿದ ಎಳೆಯ ಕಡ್ಡಿಗೆ ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸಬೇಕು. ಗಂಡು ಭಾಗದ ಚೂರು ಉಳಿದರೆ ಬೀಜ ಕಲಬೆರಕೆಯಾಗುತ್ತದೆ. ಕಡ್ಡಿ ನೊಂದರೆ ಹೂವು ನಿಲ್ಲುವುದಿಲ್ಲ.

ಸುನಿತಾ ಪಿ.ಯು.ಸಿ. ಮುಗಿಸಿದ್ದಳು. ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದಬೇಕೆಂಬುದು ಅವಳ ಇಚ್ಛೆ. ಹಂಪಣ್ಣ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಉದುರಿದ ಹೂವು ಅವನಿಗೆ ನೆಪವಾಗಿ ಒದಗಿದವು.

“ಕೈಯಾಗ ಚಿಮಟ, ತಲಿಯಾಗ ಕೊಪ್ಪಳ. ಹೂವು ಹೆಂಗ ನಿಲ್ಲಬೇಕು?” ಎಂದು ಕೂಲಿಯವರೆಲ್ಲರ ಮುಂದೆ ಅವನು ಗದರಿದ. “ಒಂದು ಹೂವು ನಿಲ್ಲಿಸಾಕ ಆಗಲಿಲ್ಲ ನಿನಗ. ಪರಸ್ಥಳದಾಗ ನಿನ್ನ ನೀ ಹೆಂಗ ಸಂಭಾಳಿಸ್ಕೊಂತಿ?”

“ಸಾಕು ಬಿಡ್ರೀ, ಎಲ್ಲಾರೂ ಅದಾರ,” ಎಂದಳು ಕಳಕಮ್ಮ.

ಮೊದಲಾಗಿದ್ದರೆ ಸುನಿತಾ ಮಾತಿಗೆ ಮಾತು ಕೊಡುತ್ತಿದ್ದಳು. ಈಗ ಕೊಡುವುದನ್ನು ಬಿಟ್ಟಿದ್ದಳು. ಕೇಳಿದರೆ ‘ಹೂಂ’, ಕರೆದರೆ ‘ಬಂದೆ’. ಹಂಪಣ್ಣ ಅದನ್ನು ವಿಧೇಯತೆ ಎಂದೇ ತಿಳಿದ. ಆದರೆ ಊಟಕ್ಕೆ ಕುಳಿತಾಗ ಅವಳು ತಾಯಿಯ ಕಡೆಗೆ ತಿರುಗಿ ರೊಟ್ಟಿ ಮುರಿಯುತ್ತಿದ್ದುದು ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ಹುಟ್ಟಿದಾಗಿನಿಂದ ತನ್ನ ತಟ್ಟೆಗೇ ಕೈ ಹಾಕಿ ಉಂಡ ಮಗಳು ಕೈತಪ್ಪುತ್ತಿದ್ದಾಳೆಂಬ ಅಳುಕು ಒಳಗೇ ಕೊರೆಯುತ್ತಿತ್ತು. ಅಳುಕು ಹೆಚ್ಚಿದಷ್ಟೂ ಅವನ ತಪಾಸಣೆಯೂ ಹೆಚ್ಚಿತು.

ಒಂದು ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವನು ಮಗಳ ಸಾಲಿನಲ್ಲಿ ಬಗ್ಗಿ ನಿಂತು ಒಂದೊಂದೇ ಹೂವನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡುತ್ತಿದ್ದ. ಪಕ್ಕದ ಪ್ಲಾಟಿನ ಹಜರತಬೀ ನೆಟ್ಟಿನ ಬಾಗಿಲಲ್ಲಿ ಬಂದು ನಿಂತಳು. ಮಹಿಳಾ ಸಂಘದ ಅಧ್ಯಕ್ಷೆ ಆಕೆ. ಹರೆಯದ ಮಕ್ಕಳ ವಿಷಯವಾಗಿ ಸಂಘದವರಿಗೆ ನಡೆದ ತರಬೇತಿಗೆ ಹೋಗಿ ಬಂದವಳು. ತಾನೂ ಮಕ್ಕಳನ್ನು ಬೆಳೆಸಿ ದಡ ಸೇರಿಸಿದವಳು.

“ಏನ್ ಹುಡುಕಾಕತ್ತಿ ತಮ್ಮಾ? ಉಂಗುರ ಗಿಂಗುರ ಬಿತ್ತೇನು?”

“ಇಲ್ಲಕ್ಕಾ. ಮಗಳ ಕೆಲಸ ನೋಡಾಕತ್ತೀನಿ. ಗಂಡು ಚೂರು ಉಳಿಸ್ಯಾಳೇನೋ ಅಂತ.”

“ಉಳಿಸ್ಯಾಳೇನು?”

“ಇನ್ನೂತನಕ ಸಿಕ್ಕಿಲ್ಲ.”

“ಯಾವಾಗಿಂದ ನೋಡಾಕತ್ತಿ?”

“ಆಕಿ ಕೆಲಸ ಹಿಡದಾಗಿಂದ. ಸಂಜಿಗೂ ನೋಡ್ತೀನಿ, ಮುಂಜಾನೆ ಪುಡಿ ಮುಟ್ಟಿಸಿದ ಮ್ಯಾಲೂ ನೋಡ್ತೀನಿ.”

“ಕೂಲಿ ಶಿವಲಿಂಗಮ್ಮನ ಸಾಲೂ ಹಿಂಗ ನೋಡ್ತಿಯೇನು?”

“ಕೂಲಿಯವ್ರ ಬೆನ್ನ ಹಂಗ ಹತ್ತಿದ್ರ ನಾಳಿ ಕೆಲಸಕ್ಕ ಬರ್ತಾರೇನಕ್ಕಾ?”

“ಹಂಗಾರ ಮಗಳು ಎಲ್ಲಿಗೆ ಹೋಗ್ತಾಳ ಅಂತ ಧೈರ್ಯ ನಿನಗ!”

ಹಂಪಣ್ಣನಿಗೆ ಮಾತು ತಟ್ಟಿತು.

“ಶಿವಲಿಂಗಮ್ಮಗ ದಿನಾ ಮುಂಜಾನೆ ಏನಂತ ಒದರ್ತಿ? ನಮ್ಮ ಪ್ಲಾಟಿನ ತನಕ ಕೇಳಿಸ್ತೈತಿ,” ಎಂದಳು ಹಜರತಬೀ.

“ಏನಂತ... ‘ಒಮ್ಮೆ ಮುಟ್ಟಿದ ಹೂವು ಮತ್ತ ಮುಟ್ಟಬ್ಯಾಡ್ರಿ’ ಅಂತ.” ಹೇಳಿದ ಮೇಲೆ ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ. “ನಾ ಹಗೂರ ಹಿಡೀತೀನಕ್ಕಾ.”

“ಸಲಿಕಿ ಹಿಡಿಯೋ ಬಟ್ಟು ಅದು. ಹಗೂರ ಅಂದ್ರ ಅದಕ್ಕೇನ್ ಗೊತ್ತು!”

“ಹೂವು ಉದುರೋದು ನನ್ನಿಂದ ಅಂತೀಯೇನು? ನಾ ಒಪ್ಪಂಗಿಲ್ಲ.”

“ಒಪ್ಪಬ್ಯಾಡ, ನೋಡು. ಆಕಿವು ಎರಡು ಸಾಲು ಅದಾವಲ್ಲ. ಒಂದನ್ನ ನಿನ್ನಂಗ ತಪಾಸ ಮಾಡು. ಇನ್ನೊಂದರ ಹತ್ತಿರ ಸುಳೀಬ್ಯಾಡ. ಯಾವುದ್ರಾಗ ಕಾಯಿ ನಿಲ್ತಾವ ನೋಡಿ ಆಮ್ಯಾಲ ಮಾತಾಡೋಣ.”

“ಸಾಲಿನ ಮಾತು ಹಂಗಿರ್ಲಿ,” ಎಂದ ಹಂಪಣ್ಣ, “ವಯಸ್ಸಿಗೆ ಬಂದ ಹುಡುಗಿ. ಕಣ್ಣಿಡಬೇಕೋ ಬ್ಯಾಡೋ? ಫೋನೂ ದಿನಾ ತಗೊಂಡು ನೋಡ್ತೀನಿ.”

“ಏನ್ ಸಿಕ್ತು ಅದ್ರಾಗ?”

“ಬರೇ ಪಾಠದ ಚಿತ್ರ. ಒಂದೂ ತಿಳೀಲಿಲ್ಲ.”

ಹಜರತಬೀ ಸೆರಗು ಬಾಯಿಗಿಟ್ಟು ನಕ್ಕಳು. ನಗು ಮುಗಿದ ಮೇಲೆ ಬದುವಿನ ಮೇಲೆ ಕುಳಿತು ನಿಧಾನವಾಗಿ ಹೇಳಿದಳು. “ಕಣ್ಣಿಡು ತಮ್ಮಾ, ಬ್ಯಾಡ ಅನ್ನಂಗಿಲ್ಲ. ಎಲ್ಲಿಗೆ ಹೊಂಟಿ, ಯಾರ ಜೋಡಿ, ಎಷ್ಟೊತ್ತಿಗೆ ಬರ್ತಿ ಅಂತ ಕೇಳೋದು ತಂದಿ ತಾಯಿ ಕೆಲಸ. ಕೇಳಿದ ಮ್ಯಾಲ ಆಕಿ ಹೇಳೋತನಕ ಬಾಯಿ ಮುಚ್ಚಿಕೊಂಡಿರಬೇಕು. ನೀ ಕೇಳ್ತಿ, ನೀನ ಜವಾಬು ಕೊಡ್ತಿ, ನೀನ ಬೈತಿ. ಆಕಿ ಮಾತಿಗೆ ಜಾಗಾ ಎಲ್ಲೈತಿ? ನನ್ನ ಮಗಳು ಇಮಾಮಬಾನು ಪಿಯುಸ್ಯಾಗ ಫೇಲ್ ಆದ್ಲು. ಮೊದಲ ನನ್ನ ಹತ್ತಿರ ಬಂದು ಹೇಳಿದ್ಲು. ಸಿಟ್ಟು ಬಂತು, ಆದ್ರ ಬೈಲಿಲ್ಲ ನಾ. ‘ಮುಂದ ಏನ್ ಮಾಡಬೇಕಂತಿ?’ ಅಂದೆ. ಆಕೀನ ದಾರಿ ಹುಡುಕಿದ್ಲು. ಈಗ ಗಂಗಾವತ್ಯಾಗ ನರ್ಸ್ ಅದಾಳ.”

ಹಂಪಣ್ಣ ಒಪ್ಪಲಿಲ್ಲ. ಆದರೆ ಪರೀಕ್ಷೆಗೆ ಹೆದರುವ ಮನುಷ್ಯನೂ ಅಲ್ಲ. ಮರುದಿನದಿಂದ ಮಗಳ ಒಂದು ಸಾಲನ್ನು ಎಂದಿನಂತೆ ತಿರುವಿ ನೋಡಿದ, ಇನ್ನೊಂದನ್ನು ಬಿಟ್ಟ. ಬಿಡುವುದೇ ಕಷ್ಟವಾಯಿತು. ನೀರು ಬಿಡುವ ನೆಪದಲ್ಲಿ ಆ ಕಡೆಗೇ ಹೆಜ್ಜೆ ಎಳೆಯುತ್ತಿದ್ದವು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದ ಗಂಡನನ್ನು ಕಂಡು ಕಳಕಮ್ಮ, “ಏನ್ರೀ ಇದು, ಸಾಹೇಬ್ರಂಗ ತಿರುಗಾಡಾಕತ್ತೀರಿ!” ಎಂದು ಚುಡಾಯಿಸಿದಳು.

ಸಂತೆ ಬಂದು ಹೋಯಿತು. ಮತ್ತೊಂದು ಸಂತೆ ಬರುವ ಹೊತ್ತಿಗೆ ಫಲಿತಾಂಶ ಕಣ್ಣೆದುರಿಗಿತ್ತು. ಅವನು ಮುಟ್ಟದ ಸಾಲಿನಲ್ಲಿ ಗೊಂಚಲು ಗೊಂಚಲಾಗಿ ಹಸಿರು ಪೀಚು ಕಚ್ಚಿದ್ದವು. ಮುಟ್ಟಿದ ಸಾಲಿನ ಬುಡದಲ್ಲಿ ಒಣಗಿದ ಹೂವು ಬಿದ್ದಿದ್ದವು. ಮಣ್ಣು ಒಂದೇ, ನೀರು ಒಂದೇ, ಕೆಲಸ ಮಾಡಿದ ಕೈಯೂ ಒಂದೇ. ಎರಡು ಸಾಲುಗಳ ನಡುವೆ ಇದ್ದ ವ್ಯತ್ಯಾಸವೆಂದರೆ ಹಂಪಣ್ಣನೊಬ್ಬನೇ.

ಬೈದದ್ದು ಎಲ್ಲರ ಮುಂದೆ. ಆದುದರಿಂದ ತಪ್ಪೊಪ್ಪಿಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕೆಂದು ಅವನಿಗೆ ಅನಿಸಿತು. ಕೂಲಿಯವರು ಬುತ್ತಿ ಬಿಚ್ಚಿ ಕುಳಿತಿದ್ದಾಗ ಹೋಗಿ ನಿಂತ.

“ಸುನಿತಾ, ನಿನ್ನ ಕೆಲಸದಾಗ ತಪ್ಪಿಲ್ಲ. ಹೂವು ಉದುರಿಸಿದಾವ ನಾನ. ಸುಮ್ಸುಮ್ನ ನಿನಗ ಬೈದೆ.”

ಶಿವಲಿಂಗಮ್ಮ ಆಕಾಶ ನೋಡಿ, “ಯಜಮಾನ್ರು ತಪ್ಪಾತು ಅಂದ್ರು. ಇವತ್ತು ಮಳಿ ಬಂದ್ರೂ ಬರಬಹುದು ಬಿಡ್ರವ್ವಾ,” ಎಂದಳು. ಎಲ್ಲರೂ ನಕ್ಕರು. ಸುನಿತಾ ನಗಲಿಲ್ಲ, ಆದರೆ ತಂದೆಯ ಮುಖವನ್ನು ನೇರವಾಗಿ ನೋಡಿದಳು.

ಊಟವಾದ ಮೇಲೆ ಹಂಪಣ್ಣ ಅವಳ ಪಕ್ಕದಲ್ಲಿ ಕುಳಿತು ಕೇಳಿದ. “ಕೊಪ್ಪಳದ್ದು ನಿನ್ನ ವಿಚಾರ ಏನೈತಿ? ಹೇಳು. ನಾ ಕೇಳ್ತೀನಿ.”

ಸುನಿತಾ ನೆಲ ನೋಡುತ್ತ ಕುಳಿತಳು. ‘ಹಾಸ್ಟೆಲ್ ಊಟ ನಿನಗ ಹತ್ತಂಗಿಲ್ಲ’ ಎಂಬ ಮಾತು ಹಂಪಣ್ಣನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಸುಮ್ಮನಿರುವುದು ಇಷ್ಟು ಶ್ರಮದ ಕೆಲಸವೆಂದು ಅವನಿಗೆ ಅಂದೇ ತಿಳಿದದ್ದು.

ಕಡೆಗೆ ಅವಳು ಬಾಯಿ ಬಿಟ್ಟಳು. ಬಂದ ಮಾತು ಕೊಪ್ಪಳದ್ದಾಗಿರಲಿಲ್ಲ.

“ಅಪ್ಪಾ, ಮೂಡಲ ಮೂಲ್ಯಾಗ ನೆಟ್ ಹರದೈತಿ. ಬಿಳಿ ನೊಣ ಒಳಗ ಬರಾಕತ್ತಾವ.”

“ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ ‘ನೀನ ಹರದಿರ್ತಿ’ ಅಂತಿದ್ದಿ.”

ಹಂಪಣ್ಣ ತಲೆ ತಗ್ಗಿಸಿದ. ಹಾಗೆಯೇ ಅನ್ನುತ್ತಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಬಿಳಿ ನೊಣ ನುಗ್ಗಿದರೆ ಎಲೆ ಮುದುಡುವ ರೋಗ ಪ್ಲಾಟಿಗೆಲ್ಲ ಹರಡುತ್ತದೆ. ಮಗಳ ಬಾಯಿ ಮುಚ್ಚಿಸಿದ ತಪ್ಪಿಗೆ ವರ್ಷದ ಬೆಳೆಯೇ ಕೈಬಿಡುತ್ತಿತ್ತು. ಅವನು ಸೂಜಿ ದಾರ ತಂದ. ಹರಿದ ಅಂಚನ್ನು ಅವನು ಹಿಡಿದ, ಸುನಿತಾ ಹೊಲಿದಳು. ಹೊಲಿಯುತ್ತ ಹೊಲಿಯುತ್ತ ಮಾತು ತಾನಾಗಿ ಬಿಚ್ಚಿಕೊಂಡಿತು. ಕಾಲೇಜು, ಹಾಸ್ಟೆಲಿನ ನಿಯಮ, ಬಸ್ಸು, ಎಲ್ಲವನ್ನೂ ಅವಳು ವಿಚಾರಿಸಿಟ್ಟಿದ್ದಳು. “ನನಗೂ ಅಂಜಿಕಿ ಐತಪ್ಪಾ,” ಎಂದೂ ಅಂದಳು. ಮಗಳಿಗೆ ಅಂಜಿಕೆಯಿದೆಯೆಂಬುದು ತಂದೆಗೆ ಹೊಸ ಸುದ್ದಿ.

ಅವನೂ ತನ್ನ ಷರತ್ತು ಹೇಳಿದ. “ಮುಟ್ಟಿದ ಕೂಡಲೇ ಫೋನ್ ಮಾಡಬೇಕು. ತಡ ಆದ್ರ ತಿಳಿಸಬೇಕು.”

“ಮಾಡ್ತೀನಿ. ಕ್ಲಾಸಿನಾಗ ಇದ್ದಾಗ ನೀ ಗಳಿಗಿ ಗಳಿಗಿಗೆ ಮಾಡಬ್ಯಾಡ. ನನ್ನ ಫೋನೂ ಬಿಚ್ಚಿ ನೋಡಬ್ಯಾಡ.”

“ಆತು. ಹೆಂಗೂ ನನಗ ತಿಳಿಯಂಗಿಲ್ಲ ಅದು.”

ಈ ಸಲ ಸುನಿತಾ ನಕ್ಕಳು.

ಅವಳು ಕೊಪ್ಪಳಕ್ಕೆ ಹೋದಳು. ಒಂದು ಶನಿವಾರ ಇಳಿಹೊತ್ತಿನಲ್ಲಿ, ಊರಿಗೆ ಹೊರಟಿದ್ದ ಅವಳಿಂದ ಹಂಪಣ್ಣನಿಗೆ ಫೋನ್ ಬಂತು.

“ಅಪ್ಪಾ, ಗಡಿಬಿಡಿಯಾಗ ಬ್ಯಾರೆ ಬಸ್ ಹತ್ತಿ ಬಿಟ್ಟೀನಿ. ಕುಕನೂರಾಗ ಅದೀನಿ.”

ಬೈಗುಳವೆಲ್ಲ ಅವನ ಗಂಟಲಿಗೆ ಬಂತು. ಕಳಕಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಉಸಿರು ಬಿಟ್ಟು ಕೇಳಿದ. “ಹುಷಾರದೀಯಲ್ಲ? ಈಗ ಏನ್ ಮಾಡಬೇಕಂತಿ?”

“ವಿಚಾರಿಸೀನಿ. ಇಲ್ಲಿಂದ ಯಲಬುರ್ಗಾಕ್ಕ ಬಸ್ ನಿಂತೈತಿ. ಅಲ್ಲಿಂದ ಕುಷ್ಟಗಿಗೆ ಸಿಗ್ತೈತಂತ.”

“ಛಲೋ ಆತು, ಹಂಗ ಮಾಡು. ಕುಷ್ಟಗಿ ಸ್ಟ್ಯಾಂಡಿಗೆ ನಾ ಬರ್ಲೇನು?”

“ಬಾ ಅಪ್ಪಾ.”

ಅವನು ಅಂಗಿ ಹಾಕಿಕೊಂಡು ಗಾಡಿ ಹೊರಗೆ ತೆಗೆದ.

ಇದನ್ನು ಓದುವ, ಕೇಳುವ ತಾಯಂದಿರೇ, ತಂದೆಯರೇ, ನಿಮಗೆ ಒಂದು ಪ್ರಶ್ನೆ. ನಿಮ್ಮ ಬೆಳೆದ ಮಗನೋ ಮಗಳೋ ತಪ್ಪು ಮಾಡಿದಾಗ, ದಾರಿ ತಪ್ಪಿದಾಗ, ಯಾರಾದರೂ ಅವರನ್ನು ಪೀಡಿಸಿದಾಗ, ಮೊದಲು ಯಾರಿಗೆ ಹೇಳುತ್ತಾರೆ? ನಿಮಗೇ ಎನ್ನುವುದಾದರೆ ನಿಮ್ಮ ಮನೆ ಸರಿಯಾಗಿದೆ. ಗೊತ್ತಿಲ್ಲ ಎನ್ನುವುದಾದರೆ ಇಂದೇ ಅವರ ಪಕ್ಕದಲ್ಲಿ ಕುಳಿತು ಒಂದು ಮಾತು ಕೇಳಿ. ಕಟ್ಟಳೆ ಇರಲಿ, ಅದರ ಕಾರಣವನ್ನೂ ತಿಳಿಸಿ. ಅವರು ನಿಭಾಯಿಸಬಲ್ಲ ಕೆಲಸವನ್ನು ಅವರ ಕೈಗೇ ಕೊಡಿ. ಗದರುವುದಿದ್ದರೆ ನಾಲ್ವರ ಮುಂದೆ ಬೇಡ. ಕೇಳಿದ ಮೇಲೆ ಅವರ ಉತ್ತರ ಬರುವ ತನಕ ಸುಮ್ಮನಿರಿ. ತಡವಾದರೂ ಬರುತ್ತದೆ, ಕಾಯಿರಿ.