ಮಳೆಗಾಳಿ ತಡವಾದ ವರ್ಷ

“ಬೇವರ್ಸಿಗಳಾ! ತಿನ್ನುವುದು ನನ್ನ ಅನ್ನ, ಹೆದರುವುದು ಕಡಲಿಗಾ?”

ಧಕ್ಕೆಯ ಮೇಲೆ ನಿಂತು ಜಮಾಲುದ್ದೀನ್ ಸಾಹುಕಾರರು ಕಿರುಚಿದಾಗ, ಹಂಚು ಹೊತ್ತು ಮಂಜಿ ಹಡಗಿಗೆ ಹತ್ತುತ್ತಿದ್ದ ನಾವು ಹೆಂಗಸರು ಹಲಗೆಯ ಮೇಲೆ ಅಲ್ಲಲ್ಲೇ ನಿಂತೆವು. ಬೈಗುಳ ನಮಗಲ್ಲ, ಹಾಯಿಕಂಬದ ಬುಡದಲ್ಲಿ ಕೈಕಟ್ಟಿ ನಿಂತ ಹಡಗಿನಾಳುಗಳಿಗೆ, ಕಲಾಸಿಗಳಿಗೆ. ಅವರಲ್ಲಿ ನನ್ನ ಗಂಡ ಶೀನಪ್ಪನೂ ಇದ್ದ.

ಅರುವತ್ತೈದರ ಜೂನ್ ಅದು. ಮಳೆಗಾಲದ ಮೊದಲೇ ಮಂಜಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದೆಸುವುದು ನಮ್ಮ ಬಂದರಿನ ಕ್ರಮ. ಆ ಸಲ ಜೂನ್ ಅರ್ಧ ಕಳೆದರೂ ಮಳೆಯಿಲ್ಲ, ಗಾಳಿಯಿಲ್ಲ. ಕಡಲಿಗೆ ಕಾಲಿಟ್ಟರೆ ಗಂಜಿತಿಳಿಯ ಹಾಗೆ ಬೆಚ್ಚಗೆ. ಬೂತಾಯಿ ಮೀನು ಎಲ್ಲಿಗೋ ಓಡಿಹೋಗಿತ್ತು. ಕಡಲು ಸುಮ್ಮನಿದ್ದುದು ಸಾಹುಕಾರರಿಗೆ ಒಳ್ಳೆಯದೇ ಆಯಿತು. ಮುಂಬಯಿಗೆ ಇನ್ನೊಂದು ಮಂಜಿ ಹಂಚು ಹೋಗಲಿ ಎಂದರು.

ಹವಾಮಾನ ಕಚೇರಿಯ ಗುಮಾಸ್ತ ತಾರಾನಾಥರು ಓಡಿ ಬಂದರು. “ಸಾಹುಕಾರ್ರೇ, ಗಾಳಿ ಸತ್ತದ್ದಲ್ಲ, ತಡವಾದದ್ದು. ಪೂರ್ವದ ಮಹಾಸಾಗರ ಬಿಸಿಯಾದ ವರ್ಷ ಅಲ್ಲಿಯ ಗಾಳಿ ಸೋಲ್ತದಂತೆ. ಆಗ ನಮ್ಮ ಮಳೆಗಾಳಿಯೂ ಹದ ತಪ್ತದೆ. ಯಾವಾಗ ಬಂದು ಬಡೀತದೆ ಹೇಳ್ಲಿಕ್ಕಾಗುದಿಲ್ಲ.”

“ಮಂಜಿ ಹೊರಡ್ಲಿಕ್ಕೆ ನಿಮ್ಮ ದೊಡ್ಡ ಆಫೀಸರು ಸೈ ಹಾಕಿ ಆಯ್ತು ಮಾರಾಯ್ರೇ. ನಿಮ್ಮದೆಂತ?”

ತಾರಾನಾಥರು ತಲೆ ತಗ್ಗಿಸಿ ಹೋದರು.

ಮಂಜಿ ನಡೆಸುವ ತಂಡೇಲ ಮೂಸಬ್ಬ ಬಾಯಿ ತೆರೆದ. “ಅಳಿವೆ ದಾಟಿದ ಮೇಲೆ ಗಾಳಿ ಎದ್ದರೆ ತಿರುಗ್ಲಿಕ್ಕೆ ಜಾಗ ಇಲ್ಲ, ಸಾಹುಕಾರ್ರೇ.”

ಸಾಹುಕಾರರ ಕೈ ಬೀಸಿತು. ಮೂಸಬ್ಬನ ಟೊಪ್ಪಿ ನೀರಿಗೆ ಬಿತ್ತು. ಮಗನ ಪ್ರಾಯದವನಿಂದ ಏಟು ತಿಂದ ಮುದುಕ ಬೋಳುತಲೆ ಮುಟ್ಟಿಕೊಂಡ. ಸಾಹುಕಾರರು ಕಲಾಸಿಗಳತ್ತ ತಿರುಗಿದರು. “ಹೊರಡದಿದ್ರೆ ನನ್ನ ಜಾಗದ ನಿಮ್ಮ ಬಿಡಾರಗಳಿಗೆಲ್ಲ ಬೀಗ!”

ಬಿಡಾರ ಎಂದೊಡನೆ ಕಲಾಸಿಗಳ ಕೈ ಹಗ್ಗಕ್ಕೆ ಹೋಯಿತು. ಶೀನಪ್ಪನದೂ.

ಮೂಸಬ್ಬನಿಗೆ ಬುತ್ತಿ ತಂದಿದ್ದ ಅವನ ಹೆಂಡತಿ ಖತೀಜಮ್ಮ ಸಾಹುಕಾರರ ಎದುರು ಹೋಗಿ ನಿಂತಳು. “ಕಡಲು ಕೆರೆ ಹಾಗೆ ಉಂಟಲ್ಲ, ನಿಮ್ಮ ಮಗನನ್ನೂ ಹತ್ತಿಸಿ.”

“ಅವನಿಗೆ ಎಂತ ಗೊತ್ತುಂಟು ಕಡಲು?”

“ಹಾಗಾದ್ರೆ ನೀವೇ ಹತ್ತಿ.”

“ಬಾಯಿ ಮುಚ್ಚು, ರಂಡೆ!”

ನನ್ನ ತಲೆಯ ಮೇಲಿನ ಹಂಚುಗಳನ್ನು ಧಕ್ಕೆಯ ಕಲ್ಲಿನ ಮೇಲೆ ಎತ್ತಿ ಹಾಕಿದೆ. ಚೂರುಗಳು ಸಾಹುಕಾರರ ಕಾಲಿಗೆ ಸಿಡಿದವು.

“ಏಯ್ ಕುಶಲಾ! ಹಂಚಿನ ದುಡ್ಡು ನಿನ್ನಪ್ಪ ಕೊಡ್ತಾನಾ?”

“ತುಂಬಿಸಿದವರಿಗೆ ಇಳಿಸ್ಲಿಕ್ಕೂ ಬರ್ತದೆ,” ಎಂದು ಮಂಜಿಯ ಹೊಟ್ಟೆಗಿಳಿದೆ. ಬೆಳಿಗ್ಗೆಯಿಂದ ಜೋಡಿಸಿದ್ದ ಹಂಚುಗಳನ್ನೇ ಹೊತ್ತು ಹೊರಬಂದೆ. ಹಿಂದೆ ಗುಣವತಿ, ಅವಳ ಹಿಂದೆ ವೆರೋನಿಕಾ. ನನ್ನ ಮುಖ ನೋಡುತ್ತಿದ್ದ ಶೀನಪ್ಪ ಹಗ್ಗ ಬಿಟ್ಟು ನೀರಿಗೆ ಹಾರಿದ. ಕಲಾಸಿಗಳೂ ಹಾರಿದರು. ಮಂಜಿಯ ಚುಕ್ಕಾಣಿಯನ್ನೇ ಕಳಚಿ, ಎತ್ತಿ ತಂದು ಧಕ್ಕೆಯ ಮೇಲೆ ಮಲಗಿಸಿದರು. ಮೂಸಬ್ಬ ಅದರ ಮೇಲೆ ಕುಳಿತ. ಖತೀಜಮ್ಮ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚಿದಳು.

ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರು ಲಾಠಿಯಿಂದ ಚುಕ್ಕಾಣಿಯನ್ನು ತಟ್ಟಿದರು.

“ಏಳಿ!”

ಸುತ್ತ ಕುಳಿತಿದ್ದ ನಾವು ಇನ್ನಷ್ಟು ಒತ್ತಿ ಕುಳಿತೆವು. ಮೂಸಬ್ಬ ತುತ್ತು ಕಲಸುತ್ತ ಹೇಳಿದ:

“ಉಣ್ತಾ ಇದ್ದೇವೆ.”